ಲೆಕ್ಕದ ಸಾಹೇಬರ ಸದ್ದು ನಿಂತಿತು

ಮೊದಲ ಮಹಡಿಯ ಮೂಲೆಮನೆಯ ಗುಮಾಸ್ತರಿಗೆ ತಾವಿದ್ದ ಕಟ್ಟಡದಲ್ಲಿ ಸಿಗುತ್ತಿದ್ದ ಮರ್ಯಾದೆಯ ಕಾಲು ಭಾಗವೂ ಕಚೇರಿಯಲ್ಲಿ ಸಿಗುತ್ತಿರಲಿಲ್ಲ. ಕಚೇರಿಯಲ್ಲಿ ಅವರ ಕೆಲಸ ಕಾಗದಗಳಿಗೆ ಸೀಲು ಒತ್ತುವುದು. ಸೀಲು ನೇರವಾಗಿ ಬಿದ್ದರೆ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ, ಓರೆಯಾಗಿ ಬಿದ್ದರೆ ಮೂರು ಮೇಜಿನವರು ಕರೆದು ತೋರಿಸುತ್ತಿದ್ದರು. ಅದೇ ಗುಮಾಸ್ತರು ಸಂಜೆ ಕಟ್ಟಡದ ಮೆಟ್ಟಿಲಿಗೆ ಕಾಲಿಟ್ಟರೋ, ಅವರು ‘ಲೆಕ್ಕದ ಸಾಹೇಬರು’. ಕೆಳಮನೆಯ ಟೈಲರ್ ಹೊಲಿಗೆ ಯಂತ್ರದ ಮೇಲಿಂದ ಕಾಲು ತೆಗೆದು ಎದ್ದು ನಿಲ್ಲುತ್ತಿದ್ದ. ನಿವಾಸಿಗಳ ಸಂಘದ ಅಧ್ಯಕ್ಷರು ಸ್ಟೇಷನ್ ಮಾಸ್ಟರಾಗಿ ನಿವೃತ್ತರಾದವರು, ಕಸದ ಬುಟ್ಟಿ ಹೊರಗಿಡುವಾಗಲೂ ಹಸಿರು ಬಾವುಟ ತೋರಿಸುವ ಠೀವಿ ಬಿಡದವರು. ಅಂಥವರೂ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದರು.

ಇಷ್ಟೆಲ್ಲಾ ಮರ್ಯಾದೆ ತಂದುಕೊಟ್ಟದ್ದು ಒಂದು ಕಂಪ್ಯೂಟರಿನ ಫ್ಯಾನುಗಳು.

ಬಾಗಿಲು ಮುಚ್ಚಿದ ಯಾವುದೋ ಕಂಪನಿಯ ಸಾಮಾನು ಹರಾಜಿಗೆ ಬಂದಾಗ ಗುಮಾಸ್ತರು ಹೋಗಿದ್ದರು. ಮೇಜಿನ ಮೇಲಿಡುವ ಪುಟ್ಟ ಕಂಪ್ಯೂಟರುಗಳೂ ಅಲ್ಲಿದ್ದವು. ಆದರೆ ಮೂಲೆಯಲ್ಲಿ ಬಟ್ಟೆ ಬೀರುವಿನ ಅರ್ಧದಷ್ಟು ಎತ್ತರದ ಒಂದು ಕರಿ ಪೆಟ್ಟಿಗೆ ಮೈತುಂಬ ದೀಪ ಮಿನುಗಿಸುತ್ತ ನಿಂತಿತ್ತು. ಅದನ್ನು ಕಂಡ ಮೇಲೆ ಅವರ ಕಣ್ಣು ಬೇರೆ ಕಡೆ ತಿರುಗಲಿಲ್ಲ. ಆ ಪೆಟ್ಟಿಗೆಯನ್ನು ಕಂಪನಿಯವರು ಯಾರೂ ಕೂರದ ತಣ್ಣನೆಯ ಕೋಣೆಯಲ್ಲಿ ಬೀಗ ಹಾಕಿ ಇಟ್ಟಿದ್ದರು ಎಂಬ ವಿಷಯವನ್ನು ಹರಾಜಿನವನು ಹೇಳಲಿಲ್ಲ, ಇವರು ಕೇಳಲಿಲ್ಲ. ನಾಲ್ಕು ಜನ ಹೊತ್ತು ತಂದು ಮನೆಯ ಹಾಲ್‌ನ ಮೂಲೆಯ ಗೋಡೆಗೆ ಒರಗಿಸಿಟ್ಟು ಹೋದರು. ಗುಮಾಸ್ತರು ಗುಂಡಿ ಒತ್ತಿದರು. ಮೊದಲು ಒಂದು ನಿಟ್ಟುಸಿರು, ಆಮೇಲೆ ಒಂದು ಗೊರಗೊರ, ಕೊನೆಗೆ ಮನೆಯೇ ನೆಲ ಬಿಟ್ಟು ಏಳುತ್ತದೇನೋ ಎಂಬಂಥ ಆರ್ಭಟ. ಅಡುಗೆಮನೆಯ ಚಮಚಗಳು ಸ್ಟ್ಯಾಂಡಿನಲ್ಲಿ ಗಲಗಲ ಅಂದವು.

ಅಧ್ಯಕ್ಷರು ದೂರು ಹೇಳಲೆಂದೇ ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲಿ ನಿಂತು ಆ ಎತ್ತರ, ಆ ದೀಪಗಳು, ಆ ಗರ್ಜನೆ ನೋಡಿದರು. ಬಂದ ದೂರು ಮರೆತೇಹೋಯಿತು.

“ಇದು... ಏನು ಮಾಡ್ತಿದೆ?” ಎಂದು ಕೂಗಿ ಕೇಳಿದರು.

ಅದು ಆ ಹೊತ್ತಿನಲ್ಲಿ ಗುಮಾಸ್ತರ ಜೊತೆ ಇಸ್ಪೀಟು ಆಡುತ್ತಿತ್ತು. ಗುಮಾಸ್ತರು ಪರದೆಗೆ ಬೆನ್ನು ಅಡ್ಡ ಕೊಟ್ಟು ನಿಂತರು.

“ಲೆಕ್ಕ ನಡೀತಿದೆ ಸಾರ್.”

“ಯಾವ ಲೆಕ್ಕ?”

“ದೊಡ್ಡ ಲೆಕ್ಕ. ಮುಗಿಯೋವರೆಗೆ ಹೊರಗೆ ಹೇಳೋ ಹಾಗಿಲ್ಲ.”

ಅಧ್ಯಕ್ಷರು ಹಿಂದಕ್ಕೆ ಹೆಜ್ಜೆ ಇಡುತ್ತಲೇ ಹೊರಗೆ ಹೋಗಿ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು. ಸಂಜೆಯೊಳಗೆ ಸುದ್ದಿ ಟೆರೇಸಿನವರೆಗೂ ಹೋಯಿತು. ಅವತ್ತಿನಿಂದ ಮಕ್ಕಳು ಆ ಬಾಗಿಲ ಮುಂದೆ ಓಡುವುದನ್ನು ಬಿಟ್ಟವು. ಟೈಲರ್ ಅಳತೆ ತೆಗೆಯುವಾಗ ಗಿರಾಕಿಗಳಿಗೆ ಚಾವಣಿ ತೋರಿಸಿ, “ಸರಿಯಾಗಿ ನಮ್ಮ ತಲೆ ಮೇಲೇ ನಡೀತಿದೆ ಸಾರ್ ಲೆಕ್ಕ” ಎಂದು ಹೆಮ್ಮೆಪಡುತ್ತಿದ್ದ. ಮೇಲ್ಮನೆಯ ಅಜ್ಜಿ ದಿನಕ್ಕೊಮ್ಮೆ ನೆಲದ ಮೇಲೆ ಅಂಗೈ ಊರಿ, ಕೆಳಗಿನಿಂದ ಬರುವ ಅದುರುವಿಕೆಯನ್ನು ಕಣ್ಣು ಮುಚ್ಚಿ ಅನುಭವಿಸುತ್ತಿದ್ದರು. “ಎಷ್ಟು ದೊಡ್ಡ ಜೀವ!” ಎನ್ನುತ್ತಿದ್ದರು.

ಬೆರಗಾಗದೆ ಉಳಿದವರು ಒಬ್ಬರೇ. ಅದು ಗುಮಾಸ್ತರ ಹೆಂಡತಿ. ಅವರು ಶಾಲೆಯಲ್ಲಿ ಪಾಠ ಹೇಳಿ, ಅಲ್ಲಿ ಕೂಗಿ ಸುಸ್ತಾಗಿ ಬಂದು, ಮನೆಯಲ್ಲಿ ಮತ್ತೆ ಕೂಗಬೇಕಾಗಿತ್ತು. ಕೆಲವು ದಿನ ಕೂಗಿದರು. ಆಮೇಲೆ ಬೇಸತ್ತು, ಊಟಕ್ಕೆ ಕರೆಯಬೇಕಾದಾಗ ಹಾಲಿನ ದೀಪವನ್ನು ಎರಡು ಸಲ ಆರಿಸಿ ಹೊತ್ತಿಸುವ ಪದ್ಧತಿ ಇಟ್ಟುಕೊಂಡರು. ಗುಮಾಸ್ತರಿಗೆ ಅದೂ ಒಂಥರಾ ದೊಡ್ಡಸ್ತಿಕೆಯಾಗಿಯೇ ಕಂಡಿತು.

ಹೀಗಿರುವಾಗ ಹೆಂಡತಿಗೆ ಮುಖ್ಯೋಪಾಧ್ಯಾಯಿನಿ ಹುದ್ದೆಯ ಪರೀಕ್ಷೆ ಬಂತು. ಒಂದು ಬೆಳಿಗ್ಗೆ ಅವರು ಬಂದು ಪೆಟ್ಟಿಗೆಯ ಗುಂಡಿ ಒತ್ತಿ ಆರಿಸಿ, ಗಂಡನ ಎದುರು ಕುರ್ಚಿ ಎಳೆದುಕೊಂಡು ಕೂತರು.

“ನಾನು ತಂಗಿ ಮನೆಗೆ ಹೋಗ್ತೀನಿ.”

“ಎಷ್ಟು ದಿನ?”

“ಪರೀಕ್ಷೆ ಮುಗಿಯೋವರೆಗೆ. ಇದು ಹೀಗೇ ಅರಚ್ತಾ ಇದ್ರೆ, ಮುಗಿದ ಮೇಲೂ.”

ಗುಮಾಸ್ತರು ಅಡುಗೆಮನೆಯ ಕಡೆ ನೋಡಿದರು. ಬೆಂಕಿಪೊಟ್ಟಣ ಎಲ್ಲಿರುತ್ತದೆ ಎಂಬುದು ಕೂಡ ಗೊತ್ತಿಲ್ಲದ ಮನುಷ್ಯ. ಅದಕ್ಕಿಂತ ಹೆಚ್ಚಾಗಿ, ಈ ಹೆಂಡತಿ ಇಲ್ಲದ ಮನೆಯನ್ನು ಅವರಿಗೆ ಕಲ್ಪಿಸಿಕೊಳ್ಳಲೂ ಆಗುತ್ತಿರಲಿಲ್ಲ.

“ಹಾಗೆಲ್ಲ ಹೇಳ್ಬೇಡ ಕಣೇ. ಸದ್ದು ಕಡಿಮೆ ಮಾಡಿಸ್ತೀನಿ.”

“ಕಡಿಮೆ ಯಾಕೆ? ಆರಿಸಿಬಿಡಿ. ನೀವು ಆಡೋದು ಇಸ್ಪೀಟು.”

“ಮೆಲ್ಲಗೆ ಮಾತಾಡೇ! ಆರಿಸಿದ್ರೆ ಜನ ಏನಂದ್ಕೊಳ್ತಾರೆ? ಲೆಕ್ಕ ಅರ್ಧಕ್ಕೆ ನಿಂತ್ಹೋಯ್ತು ಅಂತಾರೆ. ನಾನು ಮೆಟ್ಟಿಲು ಹತ್ತೋದು ಹೇಗೆ?”

“ಭಾನುವಾರದೊಳಗೆ ಏನು ಮಾಡ್ತೀರೋ ಮಾಡಿ” ಎಂದು ಹೆಂಡತಿ ಎದ್ದರು.

ಗುಮಾಸ್ತರು ಯೋಚಿಸಿ ಯೋಚಿಸಿ ಒಂದು ದಾರಿ ಕಂಡುಕೊಂಡರು. ಪೆಟ್ಟಿಗೆ ಓಡುತ್ತಿರಬೇಕು, ದೀಪಗಳು ಮಿನುಗುತ್ತಿರಬೇಕು, ಸದ್ದು ಮಾತ್ರ ಬರಬಾರದು. ಹೆಂಡತಿಗೆ ಶಾಂತಿ, ತಮಗೆ ಮರ್ಯಾದೆ. ಕಟ್ಟಡದವರು ಇಷ್ಟು ಕಾಲ ಬೆರಗಾದದ್ದು ದೀಪ ನೋಡಿಯೋ ಸದ್ದು ಕೇಳಿಯೋ ಎಂಬ ಒಂದು ಸಣ್ಣ ಪ್ರಶ್ನೆ ಮಾತ್ರ ಅವರ ತಲೆಗೆ ಬರಲಿಲ್ಲ.

ಕಂಪ್ಯೂಟರ್ ರಿಪೇರಿ ಅಂಗಡಿಯವನು ಡಾಕ್ಟರ ಹಾಗೆ ಮಾತಾಡುವ ಮನುಷ್ಯ. ಗುಮಾಸ್ತರನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು, “ಎಷ್ಟು ದಿನದಿಂದ?” ಎಂದು ಕೇಳಿದ.

“ತಂದಾಗಿನಿಂದ.”

“ಮೈ ಬಿಸಿ?”

“ಮುಟ್ಟೋಕಾಗಲ್ಲ.”

“ಕೆಮ್ಮು?”

“ಯಾರಿಗೆ?”

“ಬಿಡಿ. ಒಳಗೆ ಧೂಳು ಕಟ್ಟಿದೆ, ಉಸಿರಾಡೋಕೆ ಒದ್ದಾಡ್ತಿದೆ. ಜೊತೆಗೆ ಅದಕ್ಕಿರೋದೆಲ್ಲ ಸಣ್ಣ ಸಣ್ಣ ಫ್ಯಾನು. ದೊಡ್ಡವರ ಕೈ ಹಿಡಿದು ಮಗು ನಡೆದ ಹಾಗೆ, ಸಣ್ಣ ಫ್ಯಾನು ಓಡ್ಲೇಬೇಕು, ಓಡಿದ್ರೆ ಅರಚ್ಲೇಬೇಕು. ಅವನ್ನೆಲ್ಲ ಕಿತ್ತು ಒಂದೇ ದೊಡ್ಡ ಫ್ಯಾನು ಹಾಕಿ. ಅದು ಆರಾಮಾಗಿ ತಿರುಗಿದ್ರೂ ಅಷ್ಟೇ ಗಾಳಿ ಬರುತ್ತೆ. ಸ್ಕ್ರೂ ಕೆಳಗೆ ಈ ರಬ್ಬರ್ ಬಿಲ್ಲೆ ಇಡಿ, ತಗಡು ಅದುರಲ್ಲ.” ಆಮೇಲೆ ಒಂದು ಪುಟ್ಟ ತಿರುಗುಗುಂಡಿ ಕೈಗಿಟ್ಟ. “ಇದನ್ನ ಬಲಕ್ಕೆ ತಿರುಗಿಸಿದ್ರೆ ಜೋರು, ಎಡಕ್ಕೆ ತಿರುಗಿಸಿದ್ರೆ ನಿಧಾನ. ಪೂರ್ತಿ ಎಡಕ್ಕೆ ಮಾತ್ರ ಹೋಗ್ಬೇಡಿ. ಒಳಗೆ ಬೆಂದ್ಹೋಗುತ್ತೆ.”

ಭಾನುವಾರ ಬೆಳಿಗ್ಗೆ ಗುಮಾಸ್ತರು ಪೆಟ್ಟಿಗೆಯ ಬೆನ್ನಿನ ತಗಡು ತೆಗೆದರು. ಒಳಗೆ ಧೂಳು ಕಂಬಳಿಯ ಹಾಗೆ ಮಡಿಕೆ ಮಡಿಕೆಯಾಗಿ ಕೂತಿತ್ತು. ಬಣ್ಣ ಬಳಿಯುವ ಬ್ರಷ್ಷಿನಿಂದ ಅದನ್ನೆಲ್ಲ ಕೆರೆದು ತೆಗೆದಾಗ ಕೆಳಗೆ ಹಸಿರು ಹಲಗೆ, ಅದರ ಮೇಲೆ ಬಂಗಾರದ ಬಣ್ಣದ ಗೆರೆಗಳು ಕಂಡವು. ಗೆರೆಗಳು ಒಂದಕ್ಕೊಂದು ತಾಗದೆ, ಎಲ್ಲಿಂದಲೋ ಹೊರಟು ಇನ್ನೆಲ್ಲಿಗೋ ಹೋಗಿದ್ದವು. ಗುಮಾಸ್ತರು ಬ್ರಷ್ಷು ಹಿಡಿದುಕೊಂಡೇ ಬಹಳ ಹೊತ್ತು ಕೂತುಬಿಟ್ಟರು. ಇಷ್ಟು ದೊಡ್ಡ ಬುದ್ಧಿಯಿಂದ ತಾನು ಇಸ್ಪೀಟು ಆಡಿಸಿದೆನಲ್ಲ ಎಂದು ಅವರಿಗೆ ನಿಜವಾಗಿ ನಾಚಿಕೆಯಾಯಿತು. ಆಮೇಲೆ ಹಳೆಯ ಫ್ಯಾನುಗಳನ್ನು ಕಿತ್ತು, ಹೊಸದನ್ನು ಕೂರಿಸಿ, ಗುಂಡಿ ಒತ್ತಿ, ಅಭ್ಯಾಸಬಲದಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ಏನೂ ಆಗಲಿಲ್ಲ. ದೀಪಗಳು ಹೊತ್ತಿದವು, ದೊಡ್ಡ ಫ್ಯಾನು ತಿರುಗಿತು, ಅಷ್ಟೇ.

ಮನೆಯಲ್ಲಿ ಗಡಿಯಾರ ಇರುವುದು ಗೊತ್ತಿತ್ತು. ಅದು ಟಿಕ್ ಟಿಕ್ ಎನ್ನುವುದನ್ನು ಗುಮಾಸ್ತರು ಅವತ್ತು ಕೇಳಿದರು. ಒಳಕೋಣೆಯಲ್ಲಿ ಹೆಂಡತಿ ಪುಸ್ತಕದ ಹಾಳೆ ತಿರುಗಿಸಿದ್ದು ಕೇಳಿಸಿತು. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿದರು. ಗುಮಾಸ್ತರು ಬಾಯಿ ತೆರೆದುಕೊಂಡು ಒಂದೊಂದು ಸದ್ದನ್ನೂ ಹೊಸ ನೆಂಟರನ್ನು ನೋಡುವ ಹಾಗೆ ಕೇಳುತ್ತ ನಿಂತಿದ್ದಾಗ, ಅಡುಗೆಮನೆಯಿಂದ ಒಂದು ದನಿ ಬಂತು.

“ರೀ, ಊಟಕ್ಕೆ ಬನ್ನಿ.”

ದೀಪ ಆರಿಸಿ ಹೊತ್ತಿಸಿರಲಿಲ್ಲ. ಬಾಯಲ್ಲೇ ಕರೆದಿದ್ದರು, ಅದೂ ಮೆಲ್ಲಗೆ. ಈ ದನಿ ಇಷ್ಟು ಚೆನ್ನಾಗಿತ್ತು ಎಂಬುದನ್ನೇ ಮರೆತಿದ್ದ ಗುಮಾಸ್ತರ ಕಣ್ಣು ಒದ್ದೆಯಾಯಿತು. ಅವರು ಅದರ ತಪ್ಪನ್ನು ಧೂಳಿನ ಮೇಲೆ ಹಾಕಿದರು.

ಊಟವಾದ ಮೇಲೆ ಬಂದು ಕುರ್ಚಿಯಲ್ಲಿ ಕೂತರು. ಕಿವಿಯ ಹತ್ತಿರ ಎಲ್ಲೋ ಸಣ್ಣಗೆ “ಸುಯ್...” ಎಂದು ಕೇಳಿಸಿತು.

ಫ್ಯಾನು ಇನ್ನೂ ಸ್ವಲ್ಪ ಜೋರಾಗಿದೆ ಎಂದುಕೊಂಡು ತಿರುಗುಗುಂಡಿಯನ್ನು ಒಂದು ಕೂದಲಷ್ಟು ಎಡಕ್ಕೆ ತಿರುಗಿಸಿದರು. ಸುಯ್. ಇನ್ನಷ್ಟು ತಿರುಗಿಸಿದರು. ಸುಯ್. ಹೆಂಡತಿಗೆ ಕೇಳಿಸುವ ಮೊದಲೇ ಇದನ್ನು ಅಡಗಿಸಬೇಕೆಂದು ಪೂರ್ತಿ ಎಡಕ್ಕೆ ತಿರುಗಿಸಿದರು. ಫ್ಯಾನು ನಿಂತಿತು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಕುಂಯ್ ಎಂದು ಒಂದು ಸಲ ಕೂಗಿ, ದೀಪಗಳನ್ನೆಲ್ಲ ಆರಿಸಿಕೊಂಡು, ಬಿಸಿ ಹೆಂಚಿನ ವಾಸನೆ ಬೀರುತ್ತ ಸುಮ್ಮನಾಯಿತು.

ಸುಯ್ ಎನ್ನುವುದು ಮಾತ್ರ ನಿಲ್ಲಲಿಲ್ಲ. ಗುಮಾಸ್ತರು ಪ್ಲಗ್ಗನ್ನೇ ಕಿತ್ತರು. ಆಗಲೂ ನಿಲ್ಲಲಿಲ್ಲ.

ಅವರು ತಲೆಯ ಮೇಲೆ ಕೈ ಹೊತ್ತು ಕೂತರು. ಇಷ್ಟು ವರ್ಷ ಆ ಆರ್ಭಟ ಕೇಳಿ ಕೇಳಿ ಕಿವಿಯೇ ಕೆಟ್ಟುಹೋಗಿದೆ, ಫ್ಯಾನು ಈಗ ತಲೆಯೊಳಗೆ ತಿರುಗುತ್ತಿದೆ, ಇನ್ನು ಬದುಕಿರುವವರೆಗೂ ಇದೇ ಗತಿ ಎಂದು ತೀರ್ಮಾನಿಸಿದರು. ಸಂಜೆಯ ಹೊತ್ತಿಗೆ ಸದ್ದು ತಾನಾಗಿ ನಿಂತಿತು. ಬೆಳಿಗ್ಗೆ ಮತ್ತೆ ಶುರುವಾಯಿತು.

ಹೆಂಡತಿಯ ತಮ್ಮ ಔಷಧಿ ಅಂಗಡಿ ಇಟ್ಟವನು. ಗುಮಾಸ್ತರು ಅವನನ್ನು ಗುಟ್ಟಾಗಿ ಕರೆಸಿದರು. ಅವನು ಟಾರ್ಚು ಹಾಕಿ ಅವರ ಕಿವಿಯೊಳಗೆ ಇಣುಕಿದ.

“ಭಾವ, ಒಳಗೆ ಏನೂ ಇಲ್ಲ.”

ಅದನ್ನು ಎಷ್ಟು ಆಳ ನೋಡಿ ಹೇಳಿದನೋ ಅವನೇ ಬಲ್ಲ.

“ಕಚೇರಿಲಿ ಕೇಳಿಸುತ್ತಾ?”

“ಇಲ್ಲ.”

“ಬೀದಿಲಿ?”

“ಇಲ್ಲ. ಈ ಕುರ್ಚಿಲಿ ಕೂತಾಗ ಮಾತ್ರ. ಅದೂ ಬೆಳಿಗ್ಗೆ. ಸಂಜೆ ಕಚೇರಿಯಿಂದ ಬಂದು ಕೂತ್ರೆ ಇರಲ್ಲ.”

“ಹೊತ್ತು ನೋಡ್ಕೊಂಡು ಬರೋ ಕಿವಿ ಕಾಯಿಲೆ ನನ್ನ ಅಂಗಡಿ ಇತಿಹಾಸದಲ್ಲೇ ಇಲ್ಲ ಭಾವ” ಎಂದು ಅವನೂ ಬೆರಗಾದ. ಸದ್ಯಕ್ಕೆ ಇರಲಿ ಎಂದು ಎರಡೂ ಕಿವಿಗೆ ಹತ್ತಿ ತುರುಕಿ, ಕೆಲವು ದಿನ ತೆಗೆಯಬೇಡಿ ಎಂದು ಹೇಳಿ ಹೋದ.

ಅತ್ತ ಕಟ್ಟಡದಲ್ಲಿ ಬೇರೆಯೇ ನಡೆದಿತ್ತು. ಭಾನುವಾರ ಸದ್ದು ನಿಂತ ಆ ಗಳಿಗೆಯಲ್ಲಿ ಟೈಲರ್ ಕತ್ತರಿ ಹಿಡಿದವನು ಹಾಗೆಯೇ ಚಾವಣಿ ನೋಡಿದ. ಮೇಲ್ಮನೆಯ ಅಜ್ಜಿ ನೆಲಕ್ಕೆ ಅಂಗೈ ಊರಿದರೆ ನೆಲ ಸುಮ್ಮನಿತ್ತು. ಎಲ್ಲರೂ ಮೆಟ್ಟಿಲ ಮೇಲೆ ಸೇರಿದರು.

“ನಿಂತ್ಹೋಯ್ತು” ಎಂದ ಟೈಲರ್.

“ನಿಂತಿದ್ದಲ್ಲ, ಮುಗಿದಿದೆ. ಲೆಕ್ಕ ಮುಗೀತು” ಎಂದರು ಅಧ್ಯಕ್ಷರು. ಕೊನೆಯ ರೈಲು ಬಂದು ನಿಂತಿತು ಎಂದು ಸಾರುವ ಗಾಂಭೀರ್ಯ ಅವರ ದನಿಯಲ್ಲಿತ್ತು.

ಎಲ್ಲರಿಗೂ ಮೈ ಜುಮ್ಮೆಂದಿತು. ಅಷ್ಟು ದೊಡ್ಡ ಲೆಕ್ಕಕ್ಕೆ ಉತ್ತರ ಏನಿರಬಹುದು? ಹವಾಮಾನದ್ದಿರಬೇಕು ಎಂದು ಟೈಲರ್ ಹೇಳಿದ. ಅಧ್ಯಕ್ಷರು ಅಲ್ಲ ಎಂದು ತಲೆಯಾಡಿಸಿದರು. ಹೊರಗೆ ಹೇಳಬಾರದ ಲೆಕ್ಕ ಅಂದರೆ ನಮ್ಮದೇ ಕಟ್ಟಡದ ಲೆಕ್ಕ, ನಮ್ಮ ಕಟ್ಟಡದ ಲೆಕ್ಕ ಅಂದರೆ ನೀರಿನ ಲೆಕ್ಕ ಎಂದು ಅವರು ಬಿಡಿಸಿ ಹೇಳಿದಾಗ ಯಾರೂ ಎದುರಾಡಲಿಲ್ಲ. ಬೆಳಿಗ್ಗೆ ಪಂಪು ಹಾಕಿ ತುಂಬಿಸಿದ ಟೆರೇಸಿನ ಟ್ಯಾಂಕು ಸಂಜೆಗೆ ಬರಿದಾಗುವುದು ಆ ಕಟ್ಟಡದ ದೊಡ್ಡ ಜಗಳ. ಎಲ್ಲರ ಅನುಮಾನವೂ ಅಜ್ಜಿಯ ಹೂಕುಂಡಗಳ ಮೇಲಿತ್ತು. ಗಿಡಕ್ಕೆ ನೀರು ಹಾಕಬಾರದೆಂದು ಸಂಘ ತೀರ್ಮಾನಿಸಿ, ಹೆಚ್ಚಿನ ಕುಂಡಗಳು ಒಣಗಿ ನಿಂತಿದ್ದವು. ಆದರೂ ಟ್ಯಾಂಕು ಬರಿದಾಗುತ್ತಲೇ ಇತ್ತು. ಹಾಗಾದರೆ ಕದಿಯುತ್ತಿರುವವರು ಯಾರು? ಲೆಕ್ಕದ ಸಾಹೇಬರ ಹತ್ತಿರ ಈಗ ಆ ಹೆಸರಿದೆ.

ಎರಡು ದಿನ ಕಳೆದು ಒಂದು ಸಂಜೆ ಮೆಟ್ಟಿಲ ಮೇಲೆ ಅಧ್ಯಕ್ಷರು ಗುಮಾಸ್ತರಿಗೆ ಎದುರಾದರು.

“ಲೆಕ್ಕ ಮುಗೀತಾ ಸಾಹೇಬ್ರೇ?”

ಕಿವಿಯಲ್ಲಿ ಹತ್ತಿ. ಗುಮಾಸ್ತರಿಗೆ ಅಧ್ಯಕ್ಷರ ತುಟಿ ಅಲ್ಲಾಡಿದ್ದಷ್ಟೇ ಕಂಡಿತು. ಕಿವಿ ಕೆಟ್ಟದ್ದು ತಿಳಿಯಬಾರದೆಂದು ಗಂಭೀರವಾಗಿ ತಲೆದೂಗಿದರು.

“ಉತ್ತರ ಸಿಕ್ತಾ?”

ತಲೆದೂಗಿದರು.

“ಯಾರು ಅಂತ ಗೊತ್ತಾಯ್ತಾ?”

ಇನ್ನೂ ಗಂಭೀರವಾಗಿ ತಲೆದೂಗಿದರು.

“ಭಾನುವಾರ ಎಲ್ಲರ ಮುಂದೆ ಹೇಳ್ತೀರಾ?”

ಗುಮಾಸ್ತರು ಈ ಸಲ ಮುಗುಳ್ನಕ್ಕು ತಲೆದೂಗಿ, ಅಧ್ಯಕ್ಷರ ಭುಜ ತಟ್ಟಿ ಮೇಲೆ ಹೋದರು. ತಟ್ಟಿದ ಭುಜವನ್ನು ಅಧ್ಯಕ್ಷರು ಮನೆಯವರಿಗೆಲ್ಲ ತೋರಿಸಿದರಂತೆ.

ಆ ವಾರ ಹೆಂಡತಿ ಒಳಕೋಣೆಯಲ್ಲಿ ನೆಮ್ಮದಿಯಾಗಿ ಓದಿದರು. ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಿಗೆ ಎದ್ದು ಹೋಗಿ ತೆಗೆದವರು, ತಿರುಗಿ ಬಂದು ಗಂಡನ ಕಿವಿಯಿಂದ ಹತ್ತಿ ಎಳೆದರು.

“ಏನ್ರೀ ಇದು? ಇಡೀ ಕಟ್ಟಡ ಚಾಪೆ ಹಿಡ್ಕೊಂಡು ನಿಂತಿದೆ. ಉತ್ತರ ಕೊಡ್ತೀನಿ ಅಂದಿದ್ರಂತೆ?”

“ಯಾರಿಗೆ? ಯಾವ ಉತ್ತರ?”

ಅಷ್ಟರಲ್ಲಿ ಜನ ಒಳಗೆ ಬಂದು ಹಾಲ್ ತುಂಬಿತ್ತು. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು, ಉಸಿರು ಬಿಗಿಹಿಡಿದು, ಪೆಟ್ಟಿಗೆಯ ಎದುರು ಅರ್ಧ ವೃತ್ತವಾಗಿ ಕೂತರು. ಮುಂದೆ ಕೂತ ಟೈಲರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಅಧ್ಯಕ್ಷರು ಎದ್ದು ನಿಂತು, ವರ್ಷಗಟ್ಟಲೆ ಹಗಲೂ ಇರುಳೂ ಈ ಯಂತ್ರ ನಮ್ಮ ನೀರಿಗಾಗಿ ದುಡಿದಿದೆ, ನೀರು ಯಾರ ಮನೆಗೆ ಹೋಗ್ತಿದೆ ಅನ್ನೋ ಸತ್ಯ ಇವತ್ತು ಹೊರಗೆ ಬರುತ್ತೆ, ಹೆಸರು ಯಾರದೇ ಬಂದರೂ ಯಾರೂ ಗಲಾಟೆ ಮಾಡಬಾರದು ಎಂದು ಹೇಳಿ ಕೂತರು.

ಗುಮಾಸ್ತರಿಗೆ ಆಗ ಎಲ್ಲವೂ ಅರ್ಥವಾಯಿತು. ಏನಾದರೂ ಒಂದು ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು. ಯಂತ್ರ ಕೆಟ್ಟಿತು ಎಂದರೂ ನಡೆಯುತ್ತಿತ್ತು. ಆಗ ಹಿಂದಿನ ಸಾಲಿನಿಂದ ಮೇಲ್ಮನೆಯ ಅಜ್ಜಿ ಎದ್ದರು.

“ಮಗಾ, ನನ್ನ ಹೆಸರು ಬಂದಿದ್ರೆ ಮೊದಲೇ ಹೇಳಿಬಿಡಪ್ಪ. ಆ ಕೆಂಪು ಹೂವಿನ ಗಿಡಕ್ಕೆ ಮಾತ್ರ ಕದ್ದು ಒಂದೊಂದು ಲೋಟ ಹಾಕಿದ್ದೀನಿ. ಬೇರೆ ಗಿಡ ಎಲ್ಲ ಒಣಗೋಕೆ ಬಿಟ್ಟೆ. ಒಂದು ಲೋಟಕ್ಕೆ ಟ್ಯಾಂಕು ಖಾಲಿಯಾಗುತ್ತೆ ಅಂತ ನಿನ್ನ ಪೆಟ್ಟಿಗೆ ಹೇಳಿದ್ರೆ, ಅದನ್ನೂ ಬಿಡ್ತೀನಿ.”

ಅಜ್ಜಿ ಕೈ ಮುಗಿದುಕೊಂಡು ನಿಂತಿದ್ದರು. ಗುಮಾಸ್ತರಿಗೆ ತಡೆಯಲಾಗಲಿಲ್ಲ. ಹೋದರೆ ಹೋಗಲಿ ಮರ್ಯಾದೆ, ನಾಳೆಯಿಂದ ಟೈಲರ್ ಏಳದಿದ್ದರೆ ಬೇಡ, ಇರುವುದನ್ನು ಇದ್ದ ಹಾಗೆ ಹೇಳಿಬಿಡೋಣ ಎಂದು ಎದ್ದು ನಿಂತರು.

“ಹೇಳ್ತೀನಿ” ಎಂದರು.

ಹಾಲಿನಲ್ಲಿ ಯಾರೂ ಕಣ್ಣು ಮಿಟುಕಿಸಲಿಲ್ಲ. ಅಷ್ಟು ಜನ ಸೇರಿ ಅಷ್ಟು ಸುಮ್ಮನಿದ್ದದ್ದು ಆ ಕಟ್ಟಡ ಕಟ್ಟಿದಾಗಿನಿಂದ ಇರಲಿಲ್ಲ. ಆ ಮೌನದೊಳಗೆ ಸಣ್ಣಗೆ, ಎಡೆಬಿಡದೆ, “ಸುಯ್...”

ಗುಮಾಸ್ತರು ಕಿವಿಗೆ ಕೈ ಒತ್ತಿಕೊಂಡರು. ಹಾಳು ಕಿವಿ ಇಂಥ ಹೊತ್ತಿನಲ್ಲೂ ಬಿಡಲೊಲ್ಲದಲ್ಲ ಎಂದುಕೊಂಡರು.

“ಅದೇನು ಸದ್ದು?” ಎಂದು ಟೈಲರ್ ಕೇಳಿದ.

“ನಿಮಗೂ ಕೇಳಿಸ್ತಿದೆಯಾ?” ಗುಮಾಸ್ತರು ಅವನ ಮೇಲೆ ಬಿದ್ದು ಇಸ್ತ್ರಿ ಮುದುಡುವ ಹಾಗೆ ಅಪ್ಪಿಕೊಂಡರು. “ಎಲ್ಲರಿಗೂ ಕೇಳಿಸ್ತಿದೆಯಾ?”

ಎಲ್ಲರಿಗೂ ಕೇಳಿಸುತ್ತಿತ್ತು. ಅಧ್ಯಕ್ಷರು ಬಗ್ಗಿ ಪೆಟ್ಟಿಗೆಯ ಕಡೆ ಕಿವಿ ಕೊಟ್ಟರು. ಅದರ ತಂತಿಯನ್ನು ಕಣ್ಣಲ್ಲೇ ಹಿಂಬಾಲಿಸಿಕೊಂಡು ಹೋದರು. ತಂತಿಯ ತುದಿಯಲ್ಲಿದ್ದ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು.

“ಕರೆಂಟೇ ಇಲ್ಲ” ಎಂದು ಪಿಸುಗುಟ್ಟಿದರು. “ಕರೆಂಟಿಲ್ಲದೆ ಮಾತಾಡ್ತಿದೆ!”

ಅರ್ಧ ವೃತ್ತ ಒಂದು ಮೊಳ ಹಿಂದಕ್ಕೆ ಸರಿಯಿತು. ಅಜ್ಜಿ ಒಬ್ಬರೇ ಮುಂದೆ ಬಂದರು. ಎಷ್ಟೋ ದಿನ ನೆಲ ಮುಟ್ಟಿ ಆ ದೊಡ್ಡ ಜೀವವನ್ನು ಮಾತಾಡಿಸಿದವರಿಗೆ ಅದರ ಹೆದರಿಕೆ ಇರಲಿಲ್ಲ. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು, ಇಲ್ಲ ಎಂದು ತಲೆಯಾಡಿಸಿದರು. ಪಕ್ಕದ ಗೋಡೆಯ ಮೇಲೆ ಅಂಗೈ ಇಟ್ಟರು. ಹಾಗೆಯೇ ನಿಂತರು.

“ಪೆಟ್ಟಿಗೆ ಅಲ್ಲ ಕಣ್ರೋ. ಗೋಡೆ. ಒಳಗೆ ನೀರು ಹೋಗ್ತಿದೆ.”

ನಾಲ್ಕು ಜನ ಪೆಟ್ಟಿಗೆಯನ್ನು ಎಳೆದು ಈಚೆಗಿಟ್ಟರು. ಹಿಂದಿನ ಗೋಡೆ ಉಬ್ಬಿ, ಸುಣ್ಣ ಕಿತ್ತು, ಬುಡದವರೆಗೆ ತೊಯ್ದಿತ್ತು. ಟ್ಯಾಂಕಿನಿಂದ ಇಳಿದು ಬರುವ ಕೊಳವೆ ಅದೇ ಮೂಲೆಯೊಳಗೆ ಒಡೆದು, ಇಡೀ ಕಟ್ಟಡದ ನೀರನ್ನು ಪ್ರತಿದಿನ ತಳಪಾಯಕ್ಕೆ ಕುಡಿಸುತ್ತಿತ್ತು. ಅಧ್ಯಕ್ಷರು ಒದ್ದೆ ಗೋಡೆ ನೋಡಿದರು, ಪೆಟ್ಟಿಗೆ ನೋಡಿದರು, ಗುಮಾಸ್ತರನ್ನು ನೋಡಿದರು. ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಮನೆಯಲ್ಲಿ ಇಷ್ಟು ಗೋಡೆ ಇದ್ದು, ಸರಿಯಾಗಿ ಇದೇ ಗೋಡೆ ಹತ್ತಿರ ಇಡಿಸಿದ್ರಿ. ಉತ್ತರ ಸಿಕ್ಕಿದ ತಕ್ಷಣ ಸದ್ದು ನಿಲ್ಲಿಸಿದ್ರಿ.”

“ಇಲ್ಲ ಸಾರ್. ನನಗೇನೂ ಗೊತ್ತಿಲ್ಲ. ಇದರಲ್ಲಿ ಯಾವ ಲೆಕ್ಕಾನೂ ಇರ್ಲಿಲ್ಲ. ನಾನು ಆಡ್ತಿದ್ದದ್ದು ಇಸ್ಪೀಟು.”

ಟೈಲರನ ಕಣ್ಣಲ್ಲಿ ನೀರು ತುಂಬಿತು. “ಎಂಥ ವಿನಯ ಸಾರ್!” ಎಂದ. ನಿಜವಾಗಿ ದೊಡ್ಡವರು ಹೀಗೇ ಇರುತ್ತಾರೆ ಎಂದು ಅಧ್ಯಕ್ಷರು ಮಕ್ಕಳಿಗೆ ಹೇಳಿದರು. ಗುಮಾಸ್ತರು ಇಸ್ಪೀಟೇ, ಇಸ್ಪೀಟೇ ಎಂದು ಎರಡು ಸಲ ಹೇಳಿದರು. ಹೇಳಿದಷ್ಟೂ ಅವರ ಮೇಲಿನ ಗೌರವ ಏರುತ್ತ ಹೋಯಿತು. ಕೊನೆಗೆ ಹೆಂಡತಿಯ ಕಡೆ ನೋಡಿದರು. ಅವರು ಬಾಗಿಲ ಬಳಿ ಸೆರಗು ಬಾಯಿಗೆ ಒತ್ತಿಕೊಂಡು, ನಕ್ಕು ನಕ್ಕು ಗೋಡೆ ಹಿಡಿದು ನಿಂತಿದ್ದರು. ಹಳೆಯ ಆರ್ಭಟವಿದ್ದಿದ್ದರೆ ಆ ನಗು ಗುಮಾಸ್ತರಿಗೆ ಕೇಳಿಸುತ್ತಲೇ ಇರಲಿಲ್ಲ.

ಸೋಮವಾರ ಕೊಳಾಯಿ ಕೆಲಸದವರು ಬಂದು ಗೋಡೆ ಒಡೆಯತೊಡಗಿದರು. ಸುತ್ತಿಗೆ, ಉಳಿ, ಕೊರೆಯುವ ಯಂತ್ರ ಎಲ್ಲ ಒಟ್ಟಿಗೆ. ಹಳೆಯ ಫ್ಯಾನುಗಳು ಅದರ ಮುಂದೆ ಪಿಸುಮಾತು. ನೀರು ಸರಬರಾಜು ಇಲಾಖೆಯ ಎಂಜಿನಿಯರ್ ಒಬ್ಬರು ಗೋಡೆಗಿಂತ ಹೆಚ್ಚು ಹೊತ್ತು ಪೆಟ್ಟಿಗೆಯನ್ನೇ ನೋಡಿ, ಇಂಥದ್ದು ನಮ್ಮ ಇಲಾಖೆಗೂ ಒಂದು ಬೇಕು ಎಂದು ಹೇಳಿ ಹೋದರು. ಹೆಂಡತಿ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಗೆ ಬಂದರು.

ಗುಮಾಸ್ತರು ಏನೋ ಹೇಳಲು ಹೋದರು. ಕೊರೆಯುವ ಸದ್ದಿನಲ್ಲಿ ಅವರಿಗೇ ಕೇಳಿಸಲಿಲ್ಲ. ಹೆಂಡತಿ ಅವರನ್ನು ಮೆಟ್ಟಿಲವರೆಗೆ ಎಳೆದುಕೊಂಡು ಹೋಗಿ ಹೇಳಿದರು.

“ನೀವು ಸದ್ದು ನಿಲ್ಲಿಸ್ತೀನಿ ಅಂದ್ರಿ, ನಿಲ್ಲಿಸಿದ್ರಿ. ನನಗೇನೂ ಕೋಪ ಇಲ್ಲ. ಇಲ್ಲಿ ಓದೋಕಾಗಲ್ಲ, ಅಷ್ಟೇ. ಪರೀಕ್ಷೆ ಮುಗಿಸಿ ಬರ್ತೀನಿ. ಬೆಂಕಿಪೊಟ್ಟಣ ಸ್ಟವ್ ಹಿಂದಿನ ಡಬ್ಬಿಲಿದೆ.”

ಗುಮಾಸ್ತರು ಚೀಲವನ್ನು ಬಸ್ಸಿನವರೆಗೂ ಹೊತ್ತು, ಬಸ್ಸು ತಿರುವು ದಾಟುವವರೆಗೂ ನಿಂತಿದ್ದು ಬಂದರು.

ಕೊಳವೆ ಸರಿಯಾಯಿತು. ಗೋಡೆಗೆ ಸಿಮೆಂಟು ಮೆತ್ತಿ ಕೆಲಸದವರು ಹೋದರು. ಟ್ಯಾಂಕಿನಲ್ಲಿ ಮರುದಿನ ಬೆಳಿಗ್ಗೆಯೂ ನೀರಿತ್ತು, ಅಜ್ಜಿ ಎಲ್ಲರ ಕಣ್ಣೆದುರೇ ಬಕೆಟ್ಟಿನಲ್ಲಿ ಕುಂಡಗಳಿಗೆ ನೀರು ಸುರಿದರು. ಗುಮಾಸ್ತರ ಮನೆಯಲ್ಲಿ ಈಗ ಫ್ಯಾನಿನ ಸದ್ದಿಲ್ಲ, ಗೋಡೆಯ ಸುಯ್ ಇಲ್ಲ, ಒಳಕೋಣೆಯಲ್ಲಿ ಹಾಳೆ ತಿರುಗುವ ಸದ್ದೂ ಇಲ್ಲ. ಗಡಿಯಾರ ಒಂದೇ ಮಾತಾಡುತ್ತಿತ್ತು. ಊಟದ ಹೊತ್ತಿಗೆ ಗುಮಾಸ್ತರು ಹಾಲಿನ ದೀಪವನ್ನು ನೋಡಿದರು. ಅದು ಆರಲೂ ಇಲ್ಲ, ಹೊತ್ತಲೂ ಇಲ್ಲ. ಬಹಳ ಹೊತ್ತು ಸಹಿಸಿಕೊಂಡರು. ಕೊನೆಗೆ ಎದ್ದು ಹೋಗಿ ಪ್ಲಗ್ಗು ಸಿಕ್ಕಿಸಿ, ಗುಂಡಿ ಒತ್ತಿ, ತಿರುಗುಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿಬಿಟ್ಟರು. ಪುಣ್ಯಕ್ಕೆ ಒಳಗೇನೂ ಬೆಂದಿರಲಿಲ್ಲ, ದೊಡ್ಡ ಫ್ಯಾನು ತನ್ನ ಶಕ್ತಿಯೆಲ್ಲ ಹಾಕಿ ಮೊರೆಯಿತು.

ಕೆಳಗೆ ಟೈಲರ್ ಯಂತ್ರದಿಂದ ಕಾಲು ತೆಗೆದ. ಮೇಲೆ ಅಜ್ಜಿ ನೆಲಕ್ಕೆ ಅಂಗೈ ಊರಿದರು. ಅಧ್ಯಕ್ಷರು ತುದಿಗಾಲಲ್ಲಿ ಬಂದು ತೆರೆದಿದ್ದ ಬಾಗಿಲ ಸಂದಿಯಿಂದ ಇಣುಕಿದರು. ಗುಮಾಸ್ತರು ಗೋಡೆಯ ಕ್ಯಾಲೆಂಡರಿನ ಎದುರು ನಿಂತು, ಇವತ್ತಿನ ತಾರೀಕಿನ ಮೇಲೆ ಬೆರಳಿಟ್ಟು, ಪರೀಕ್ಷೆಯ ತಾರೀಕಿನವರೆಗೆ ಒಂದೊಂದೇ ಚೌಕ ಎಣಿಸುತ್ತಿದ್ದರು. ಎಣಿಕೆ ಇಷ್ಟವಾಗದೆ ಮತ್ತೆ ಮೊದಲಿನಿಂದ ಎಣಿಸಿದರು.

ಅಧ್ಯಕ್ಷರು ಬಂದ ಹಾಗೆಯೇ ಹಿಂದಕ್ಕೆ ಸರಿದು, ಮೆಟ್ಟಿಲ ಮೇಲೆ ಕಾದಿದ್ದವರಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು.

“ಇನ್ನೊಂದು ಲೆಕ್ಕ ಶುರುವಾಗಿದೆ. ಈ ಸಲದ್ದು ತುಂಬಾ ಕಷ್ಟದ್ದು. ಯಾರೂ ಮಾತಾಡಿಸ್ಬೇಡಿ.”